ಋತುವಿಗೆ ಒಪ್ಪುವ ಉಡುಗೆ

ಪ್ರಶ್ನೆ: ಜಪಾನಿನಲ್ಲಿ ಋತು ಬದಲಾದೊಡನೆ ಜನರೆಲ್ಲ ಒಟ್ಟಿಗೆ ಉಡುಪು ಬದಲಿಸುವರೆಂಬುದು ನಿಜವೆ?

ಉತ್ತರ: ಬಹುಮಟ್ಟಿಗೆ ನಿಜ. ‘ಕೊರೊಮೊಗಾಯೆ’ ಎಂಬ ಈ ಪದ್ಧತಿಯು ಚೀನಾದಿಂದ ಬಂದು, ಹೇಯಾನ್ ಕಾಲದ ಅರಮನೆಯಲ್ಲಿ ಆಚಾರವಾಗಿ ನೆಲೆಗೊಂಡು, ಮೇಜಿ ಯುಗದಲ್ಲಿ ಸೌರಪಂಚಾಂಗವು ಸ್ವೀಕೃತವಾದ ತರುವಾಯ ಜೂನ್ 1 ಮತ್ತು ಅಕ್ಟೋಬರ್ 1ಕ್ಕೆ ಹೊಂದಿಕೊಂಡು, ಇಂದಿಗೂ ಶಾಲೆಗಳ ಸಮವಸ್ತ್ರದಲ್ಲಿ ಜೀವಂತವಾಗಿದೆ. ಚಳಿಗಾಲದುದ್ದಕ್ಕೂ ಕಪ್ಪು ಕೋಟು ತೊಟ್ಟ ಬಾಲಕರು ಬೇಸಗೆ ಬಂದೊಡನೆ ಅರೆತೋಳಿನ ಬಿಳಿಯ ಅಂಗಿಯಲ್ಲಿ ಬೀದಿಗಿಳಿಯುವರು.

ಕಿಮೋನೋದ ನಿಯಮವು ಇನ್ನೂ ಸೂಕ್ಷ್ಮವಾದುದು: ಅಕ್ಟೋಬರಿನಿಂದ ಮೇ ತಿಂಗಳವರೆಗೆ ಒಳಪದರವುಳ್ಳದ್ದು, ಜೂನ್ ಮತ್ತು ಸೆಪ್ಟೆಂಬರಿನಲ್ಲಿ ಒಂಟಿಪದರದ್ದು, ಜುಲೈ-ಆಗಸ್ಟಿನ ಸೆಕೆಯಲ್ಲಿ ಗಾಳಿಯಾಡುವ ತೆಳುನೆಯ್ಗೆಯದು. ಯಾವ ಕಾಲದಲ್ಲಾದರೂ ಎಡಮಗ್ಗುಲು ಬಲದ ಮೇಲೆ ಬರಬೇಕು. ಬಲವು ಮೇಲಾಗುವುದು ಮೃತದೇಹಕ್ಕೆ ಉಡಿಸುವಾಗ ಮಾತ್ರ.

ಕಚೇರಿಗಳಲ್ಲಿ ಕೋಟು, ಟೈಗಳ ಕಟ್ಟು ಬಹುಕಾಲ ಬಿಗಿಯಾಗಿದ್ದಿತು. 2005ರ ಬೇಸಗೆಯಲ್ಲಿ ಸರಕಾರವೇ ‘ಕೂಲ್ ಬಿಜ್’ ಎಂಬ ಆಂದೋಲನವನ್ನು ಹೂಡಿ, ಕೊಠಡಿಯ ಉಷ್ಣತೆಯನ್ನು 28 ಡಿಗ್ರಿಯಲ್ಲಿರಿಸಿ, ಟೈ ಕಳಚಿರೆಂದು ಕೋರಿದ ಮೇಲೆ ಅದು ಸಡಿಲಿತು.

ಉಡುಗೆಯನ್ನು ತನ್ನ ಅಲಂಕಾರವಾಗಿಯಷ್ಟೇ ಅಲ್ಲದೆ, ಋತುವಿಗೂ ಎದುರಿಗಿರುವವರಿಗೂ ಸಲ್ಲಿಸುವ ಗೌರವವಾಗಿ ಭಾವಿಸುವ ಈ ಸಂಸ್ಕಾರವು ನಿಜಕ್ಕೂ ಆದರಣೀಯವಾದುದು.