‘ಗೈಡ್ ಅವ್ನೆ ಬುಡು, ಏನೂ ಆಗಕಿಲ್ಲ’

ಕಳೆದ ಬೇಸಿಗೆಯಲ್ಲಿ ಹಲಗೂರು ಕಡೆಯ ಒಂದು ತೋಟದಲ್ಲಿ ನಮ್ಮ ಅಕ್ಕನ ಮಗ ಎಟಿವಿ, ಅಂದರೆ ಕಚ್ಚಾ ದಾರಿಗೆಂದು ಮಾಡಿದ ನಾಲ್ಕು ಚಕ್ರದ ಗಾಡಿ, ಹತ್ತಿದ. ಎಂಟು ವರ್ಷದಿಂದ ಬೈಕ್ ಓಡಿಸುವ ಹುಡುಗ. ಇಳಿಜಾರಿನ ತಿರುವಿನಲ್ಲಿ ಗಾಡಿ ವಾಲಿತು. ಬೈಕಿನ ಅಭ್ಯಾಸದಂತೆ ಬಲಗಾಲನ್ನು ನೆಲಕ್ಕೆ ಊರಿದ. ಮುಂದಕ್ಕೆ ಉರುಳುತ್ತಿದ್ದ ಗಾಡಿಯ ಹಿಂದಿನ ಚಕ್ರ ಅವನ ಹಿಮ್ಮಡಿಯನ್ನೇ ಹತ್ತಿತು. ಕಾಲನ್ನು ಫುಟ್‌ರೆಸ್ಟ್‌ನಿಂದ ತೆಗೆಯಬಾರದು ಎಂದು ಹತ್ತುವ ಮೊದಲು ಯಾರೂ ಹೇಳಿರಲಿಲ್ಲ. ಹೊರಡುವಾಗ ಅಲ್ಲಿದ್ದವರೆಲ್ಲ ಹೇಳಿದ್ದು ಒಂದೇ ಮಾತು: ಗೈಡ್ ಅವ್ನೆ ಬುಡು.

ಮೂರು ವಾರ ಅವನ ಕಾಲಿನ ಪಟ್ಟಿ ನೋಡಿದ ಮೇಲೆ, ಈ ಗಾಡಿಯ ಬಗ್ಗೆ ನಮ್ಮಲ್ಲಿರುವ ನಂಬಿಕೆಗಳನ್ನು ಒಂದೊಂದಾಗಿ ಬಿಡಿಸಿ ಹೇಳಬೇಕು ಅನ್ನಿಸಿತು.

‘ನಾಲ್ಕು ಚಕ್ರ ಇರುವಾಗ ಹೇಗೆ ಬೀಳುತ್ತೆ?’ ಬೀಳುವುದಲ್ಲ, ಮಗುಚುತ್ತದೆ. ಅಗಲ ಕಡಿಮೆ, ಎತ್ತರ ಜಾಸ್ತಿ. ದೊಡ್ಡ ಗಾಡಿಗಳ ತೂಕ 300 ಕೆಜಿ ದಾಟುತ್ತದೆ. ಮಗುಚಿದರೆ ಆ ಭಾರ ಬರುವುದು ಓಡಿಸುವವನ ಎದೆಯ ಮೇಲೆ. ಕಾರಿನಲ್ಲಿ ಸುಮ್ಮನೆ ಕೂತರೂ ನಡೆಯುತ್ತದೆ, ಎಟಿವಿಯಲ್ಲಿ ಕೂತವನ ಮೈಯೇ ತಕ್ಕಡಿಯ ಒಂದು ತಟ್ಟೆ. ಏರು ಹತ್ತುವಾಗ ಮುಂದಕ್ಕೆ ಬಾಗಬೇಕು, ಇಳಿಯುವಾಗ ಹಿಂದಕ್ಕೆ ಸರಿಯಬೇಕು, ತಿರುವಿನಲ್ಲಿ ಒಳಬದಿಗೆ ಭಾರ ಹಾಕಬೇಕು. ಒಬ್ಬರಿಗೆಂದು ಮಾಡಿದ ಸೀಟಿನಲ್ಲಿ ಹಿಂದೊಬ್ಬರನ್ನು ಕೂರಿಸಿಕೊಂಡರೆ ಇದ್ಯಾವುದೂ ಆಗುವುದಿಲ್ಲ. ಅಮೆರಿಕದಲ್ಲಿ ಮೊದಲು ಮೂರು ಚಕ್ರದ ಎಟಿವಿಗಳಿದ್ದವು. ಸಾವುನೋವು ಹೆಚ್ಚಾಗಿ 1988ರಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಿದರು. ನಾಲ್ಕನೆಯ ಚಕ್ರ ಬಂದ ಮೇಲೂ ಮಗುಚುವುದು ನಿಂತಿಲ್ಲ.

ಆಕ್ಸಿಲರೇಟರ್ ವಿಚಾರ ಇನ್ನೂ ಸೂಕ್ಷ್ಮ. ಬೈಕಿನಂತೆ ಮುಷ್ಟಿ ತಿರುಚುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವ ಸಣ್ಣ ಲಿವರ್. ಹೆದರಿದ ಮನುಷ್ಯ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತಾನೆ, ಆಗ ಹೆಬ್ಬೆರಳೂ ಬಿಗಿಯುತ್ತದೆ. ನಿಲ್ಲಬೇಕಾದ ಗಾಡಿ ನುಗ್ಗುತ್ತದೆ. ಬೈಕ್ ಬಂದರೆ ಇದೂ ಬಂದ ಹಾಗೇ ಎನ್ನುವವರು ಈ ಬೆರಳನ್ನು ಮರೆತಿರುತ್ತಾರೆ.

‘ಮುತ್ತತ್ತಿ ಕಾಡಿನಲ್ಲಿ ಗೈಡ್ ಕರೆದುಕೊಂಡು ಹೋದರೆ ಎಲ್ಲಿ ಬೇಕಾದರೂ ಓಡಿಸಬಹುದು.’ ಮಂಡ್ಯ, ಮದ್ದೂರಿನ ಗೆಳೆಯರಿಂದ ಹೆಚ್ಚು ಕೇಳುವ ಮಾತು ಇದು, ನನ್ನನ್ನು ಹೆಚ್ಚು ಕಾಡುವ ಮಾತೂ ಇದೇ. ಆ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದ ಭಾಗ. ಧಾಮದ ಈಗಿನ ವಿಸ್ತೀರ್ಣ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಮಳವಳ್ಳಿ, ಹಲಗೂರಿನಿಂದ ಮುತ್ತತ್ತಿಯ ದೇವರು ಮುತ್ತೆತ್ತಿರಾಯನ ದರ್ಶನಕ್ಕೆ ಹೋಗುವ ಡಾಂಬರು ರಸ್ತೆ ಅದರ ಒಳಗೇ ಹಾಯುತ್ತದೆ, ಹಾಗಾಗಿ ಕಾಡೆಲ್ಲ ತೆರೆದೇ ಇದೆ ಅನ್ನಿಸುವುದು ಸಹಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿ ಕೊಡುತ್ತದೆಯೇ ಹೊರತು ರಸ್ತೆ ಬಿಟ್ಟು ಕಾಡಿಗೆ ಇಳಿಯುವವರಿಗಲ್ಲ. ಅನುಮತಿ ಕೊಡುವ ಅಧಿಕಾರ ಅರಣ್ಯ ಇಲಾಖೆಯದು, ಗೈಡ್ ಬಾಯಲ್ಲಿ ಹೇಳಿದರೆ ಅದು ಅನುಮತಿಯಲ್ಲ. ಸಿಕ್ಕಿಬಿದ್ದರೆ ಕೇಸು ಓಡಿಸಿದವನ ಮೇಲೂ ಬೀಳುತ್ತದೆ. ಎಟಿವಿಗೆ ತಕ್ಕ ಜಾಗ ಖಾಸಗಿ ಜಮೀನಿನಲ್ಲಿ ಮಾಡಿದ ಟ್ರ್ಯಾಕ್ ಮಾತ್ರ.

‘ಟೈರು ಮೆತ್ತಗಿರುತ್ತೆ, ನೆಲಕ್ಕೇನೂ ಆಗಲ್ಲ’ ಎಂಬುದು ಅರ್ಧ ನಿಜ. ಅದರಲ್ಲಿ ಗಾಳಿ ಕಾರಿನ ಟೈರಿಗಿಂತ ಬಹಳ ಕಡಿಮೆ, ಅಲ್ಲಿಯವರೆಗೆ ಸರಿ. ಆದರೆ ಏರಿನಲ್ಲಿ ಚಕ್ರ ಸುಮ್ಮನೆ ಗಿರಗಿರ ತಿರುಗಿದಾಗ ಮೇಲ್ಮಣ್ಣನ್ನು ಕೆರೆದು ಎಸೆಯುತ್ತದೆ. ಕೆಂಪು ಮಣ್ಣಿನ ಇಳಿಜಾರಿನಲ್ಲಿ ಎರಡು ಗೆರೆ ಬಿದ್ದರೆ ಜೋರು ಮಳೆಗೆ ಅದೇ ಕೊರಕಲು.

ಮುತ್ತತ್ತಿ ಕಾಡಿನ ಆನೆಯ ಬಗ್ಗೆ ಕೇಳಿದರೆ ‘ಇಂಜಿನ್ ಸದ್ದಿಗೇ ಓಡಿಹೋಗ್ತವೆ ಕಣಣ್ಣ’ ಎನ್ನುತ್ತಾರೆ. ಕೆಲವು ಸರಿದು ನಿಲ್ಲುತ್ತವೆ. ಮರಿ ಜೊತೆಗಿರುವ ಹೆಣ್ಣಾನೆಯೋ ಒಂಟಿ ಸಲಗವೋ ತಿರುಗಿ ಬೀಳಬಹುದು. ಕಲ್ಲು ಗುಂಡಿಯ ದಾರಿಯಲ್ಲಿ ಅದನ್ನು ಹಿಂದೆ ಹಾಕುವುದು ಕಷ್ಟ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ನಡೆದು ಹೋಗುವವನಿಗೆ ಕೊಂಬೆ ಮುರಿಯುವ ಲಟಕ್ ಸದ್ದೇ ಮುನ್ಸೂಚನೆ. ಹೆಲ್ಮೆಟ್ ಹಾಕಿ ಇಂಜಿನ್ ಮೇಲೆ ಕೂತವನಿಗೆ ಅದು ಕೇಳಿಸುವುದೇ ಇಲ್ಲ. ಹೊಳೆದಂಡೆಯ ಮತ್ತಿಮರಗಳಲ್ಲಿ ಬೂದು ಬಣ್ಣದ ದೈತ್ಯ ಅಳಿಲು ಇರುವ ಕಾಡು ಇದು. ಕೊಂಬೆಯಿಂದ ಕೊಂಬೆಗೆ ಅದು ಹಾರುವುದನ್ನು ನೋಡಬೇಕೆಂದರೆ ಸದ್ದಿಲ್ಲದೆ ನಿಲ್ಲಬೇಕು.

‘ಮಂಡ್ಯ ಅಂದರೆ ಬರೀ ಕಬ್ಬು, ಆನೆ ಎಲ್ಲಿಂದ?’ ಎನ್ನುವವರು ಶಿಂಷಾ ದಂಡೆಯ ರೈತರನ್ನು ಕೇಳಲಿ. ಕಾಡಿನಿಂದ ಹೊರಟ ಆನೆಗಳು ಕಬ್ಬಿನ ಗದ್ದೆಯಲ್ಲಿ ಹಗಲು ಕಳೆದದ್ದನ್ನು ಅವರು ಕಂಡಿದ್ದಾರೆ.

ಇನ್ನೊಂದು: ತೋಟದಿಂದ ಮದ್ದೂರು ಪೇಟೆವರೆಗೆ ಒಂದು ರೌಂಡ್ ಹೋಗಿಬರೋಣ ಅನ್ನಬೇಡಿ. ನೋಂದಣಿ ಇಲ್ಲದ ಈ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಂತೂ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗೇ ಪ್ರವೇಶವಿಲ್ಲ.

ಹಾಗಾದರೆ ಗೈಡ್ ಬೇಡವೇ? ಬೇಕೇ ಬೇಕು. ಈಚೆಗೆ ಬೇರೊಂದು ಟ್ರ್ಯಾಕಿನಲ್ಲಿ ಒಬ್ಬನನ್ನು ನೋಡಿದೆ. ಬಂದವರನ್ನು ಮೊದಲು ಟ್ರ್ಯಾಕಿನುದ್ದಕ್ಕೂ ನಡೆಸಿದ. ಹೆಲ್ಮೆಟ್ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ಬಿಗಿ ನೋಡಿದ. ಚಪ್ಪಲಿಯಲ್ಲಿ ಬಂದವನಿಗೆ ಶೂ ಹಾಕಿಸಿದ. ಹತ್ತು ನಿಮಿಷ ಬಯಲಿನಲ್ಲಿ ಬರೀ ಹೊರಡುವುದು, ನಿಲ್ಲಿಸುವುದು ಮಾಡಿಸಿದ. ಗಾಡಿ ದೊಡ್ಡದೆಂದು ಹನ್ನೆರಡರ ಹುಡುಗನೊಬ್ಬನನ್ನು ಹತ್ತಿಸಲೇ ಇಲ್ಲ. 16 ತುಂಬದವರಿಗೆ ದೊಡ್ಡವರ ಗಾಡಿ ಬೇಡವೆಂದು ತಯಾರಕರೇ ಗಾಡಿಯ ಮೇಲೆ ಎಚ್ಚರಿಕೆ ಅಂಟಿಸಿರುತ್ತಾರೆ. ಹುಡುಗನ ತಂದೆ ಹೆಚ್ಚು ದುಡ್ಡು ಕೊಡುತ್ತೇನೆ ಎಂದರು. ಗೈಡ್ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ‘ಬ್ಯಾಡಿ ಅಣ್ಣ, ಮೂರ್ನಾಕು ವರ್ಸ ಕಳೀಲಿ, ಆಗ ನಾನೇ ಕಲುಸ್ತೀನಿ’ ಅಂದ.