ಈಶಾನ್ಯಕ್ಕೆ ಬಾಗಿಲಿಟ್ಟ ಕಣಿವೆ

ಜೂನ್ ತಿಂಗಳಲ್ಲಿ ಕೇರಳದ ಕುಮಳಿಯಲ್ಲಿ ಕೊಡೆ ಮಡಚಲು ಪುರಸೊತ್ತಿರುವುದಿಲ್ಲ. ಘಾಟಿ ಇಳಿದು ತಮಿಳುನಾಡಿನ ಗೂಡಲೂರಿಗೆ ಬಂದರೆ ಅದೇ ಕೊಡೆ ಬಿಸಿಲಿಗೆ ಬೇಕಾಗುತ್ತದೆ. ನಡುವೆ ಇರುವುದು ಒಂದು ಬೆಟ್ಟದ ಸಾಲು, ಅಷ್ಟೆ. ಅರಬ್ಬಿ ಸಮುದ್ರದ ಗಾಳಿ ಏಲಕ್ಕಿ ಬೆಟ್ಟಗಳನ್ನು ಹತ್ತುವಾಗಲೇ ಬಹುಪಾಲು ನೀರು ಸುರಿದುಬಿಟ್ಟು, ಈಚೆ ಇಳಿಯುವಾಗ ಒಣಗಿ ಬಿಸಿಯಾಗಿರುತ್ತದೆ. ಗೂಡಲೂರಿರುವ ಈ ಕಂಬಂ ಕಣಿವೆಗೆ ದಕ್ಕುವುದು ಬೆಟ್ಟ ದಾಟಿ ಬಂದ ತುಂತುರು, ಅಲ್ಲಿಯವರ ಮಾತಿನಲ್ಲಿ ‘ಸಾರಲ್’.

ಅಕ್ಟೋಬರ್‌ನಲ್ಲಿ ಗಾಳಿ ತಿರುಗುತ್ತದೆ. ಪಶ್ಚಿಮಕ್ಕೆ ಏಲಕ್ಕಿ ಬೆಟ್ಟ, ಪೂರ್ವಕ್ಕೆ ಮೇಘಮಲೈ, ಉತ್ತರಕ್ಕೆ ಪಳನಿ ಬೆಟ್ಟಗಳು. ಈ ಕಣಿವೆ ಬಾಯಿ ತೆರೆದಿರುವುದು ತೇನಿಯ ಕಡೆಗೆ, ಈಶಾನ್ಯಕ್ಕೆ. ನೀರು ಈಶಾನ್ಯ ಮೂಲೆಯಲ್ಲೇ ಇರಬೇಕೆನ್ನುವ ವಾಸ್ತು ಪಂಡಿತರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇಕೆ? ಬಂಗಾಳ ಕೊಲ್ಲಿಯ ತೇವದ ಗಾಳಿ ಈ ಬಾಗಿಲಿಂದ ಒಳಬಂದು, ಮುಂದೆ ದಾರಿ ಕಾಣದೆ ಬೆಟ್ಟ ಹತ್ತುತ್ತದೆ. ಮೋಡ ಹುಟ್ಟುವುದು ಆ ಹತ್ತುವಿಕೆಯಲ್ಲಿ.

ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ವಾಲ್ವ್ ಹತ್ತಿರ ಬೆರಳಿಟ್ಟು ನೋಡಿ, ತಣ್ಣಗಿರುತ್ತದೆ. ಹಿಗ್ಗುವ ಗಾಳಿ ತನ್ನ ಶಾಖವನ್ನೇ ಖರ್ಚು ಮಾಡುತ್ತದೆ. ಮೇಲೇರುವ ಗಾಳಿಯ ಕತೆಯೂ ಅದೇ: ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಷ್ಟು ತಣಿಯುತ್ತ ಹೋಗಿ, ಒಂದು ಎತ್ತರದಲ್ಲಿ ಇನ್ನು ಆವಿಯನ್ನು ಹೊರಲಾರದೆ ಕೈಚೆಲ್ಲುತ್ತದೆ. ಆ ಎತ್ತರಕ್ಕೊಂದು ಒರಟು ಲೆಕ್ಕವಿದೆ. ನೆಲದ ಉಷ್ಣತೆಗೂ ಇಬ್ಬನಿ ಕಟ್ಟುವ ಉಷ್ಣತೆಗೂ ಇರುವ ಅಂತರವನ್ನು 125ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರ್ ಮೇಲಿದೆ ಎಂದು ಸಿಗುತ್ತದೆ. ತೇನಿಯಲ್ಲಿ 28 ಡಿಗ್ರಿ ಇದ್ದು, ಇಬ್ಬನಿಯ ಬಿಂದು 20 ಇದ್ದರೆ ಸಾವಿರ ಮೀಟರ್. ತೇನಿಯೇ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದ ಊರು. ಹಾಗಾದರೆ ಮೋಡದ ತಳ 1,300ರಲ್ಲಿ. ಮೇಘಮಲೈಯ ಚಹಾ ತೋಟಗಳಿರುವುದು 1,500 ಮೀಟರಿನ ಆಸುಪಾಸಿನಲ್ಲಿ. ಕೆಳಗಿನವರು ಮೋಡ ಎಂದು ತೋರಿಸುವುದರೊಳಗೇ ಅಲ್ಲಿ ಚಹಾ ಚಿಗುರು ಕೀಳುತ್ತಿರುತ್ತಾರೆ. ಬೆಟ್ಟದ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಕಣಿವೆಯ ಕಾಪ್ಪಿಲಿಯ ಸಮುದಾಯದವರಿಗಂತೂ ಬೇಡವೇ ಬೇಡ: ತಲೆಮಾರುಗಳಿಂದ ಅವರ ಮನೆಮಾತು ತಮಿಳು ಬೆರೆತ ಕನ್ನಡವೇ.

ತಣಿದರಷ್ಟೇ ಸಾಲದು, ಆವಿಗೆ ಕೂರಲು ಜಾಗವೂ ಬೇಕು. ಪ್ಲಾಸ್ಟಿಕ್ ಬಾಟಲಿಗೆ ಎರಡು ಚಮಚ ಬಿಸಿನೀರು ಹಾಕಿ ಮುಚ್ಚಳ ಬಿಗಿದು, ಅದುಮಿ ಬಿಡಿ. ಏನೂ ಆಗಲಿಲ್ಲವೆನ್ನಿಸುತ್ತದೆ. ಮುಚ್ಚಳ ತೆಗೆದು ಊದುಬತ್ತಿಯ ಹೊಗೆ ಸ್ವಲ್ಪ ಸೇರಿಸಿ, ಮತ್ತೆ ಅದುಮಿ ಬಿಡಿ: ಒಳಗೆ ಬೆಳ್ಳನೆಯ ಮಂಜು. ಅದುಮಿದರೆ ಮಾಯ, ಬಿಟ್ಟರೆ ಹಾಜರು. ಆಗಸದಲ್ಲಿ ಆ ಹೊಗೆಯ ಕೆಲಸವನ್ನು ಕಡಲಿನ ಉಪ್ಪು, ಧೂಳು, ಒಲೆಗಳ ಮಸಿ ಮಾಡುತ್ತವೆ. ಹೀಗೆ ಹುಟ್ಟಿದ ಹನಿಯ ಅಡ್ಡಳತೆ ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ಅಂಥ ಸುಮಾರು ಹತ್ತು ಲಕ್ಷ ಹನಿ ಕೂಡಿದರೆ ಒಂದು ಮಳೆಹನಿ. ಕೂಡದಿದ್ದರೆ ಮೋಡ ಬಂದ ಹಾಗೇ ಹೋಗುತ್ತದೆ. ರೈತರು ಬೈಯುವುದು ಇದಕ್ಕೇ.

ಅವರು ಪ್ರತಿ ವರ್ಷ ಕೇಳುವ ಪ್ರಶ್ನೆ: ಈ ಸಲದ ಹಿಂಗಾರು ಹೇಗೆ? ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್‌ನಲ್ಲಿ 1899ರಲ್ಲಿ ಸೌರ ವೀಕ್ಷಣಾಲಯ ಶುರುವಾದದ್ದರ ಹಿಂದೆಯೂ ಇಂಥದೇ ಪ್ರಶ್ನೆಯಿತ್ತು. 1876–78ರ ಭೀಕರ ಬರದ ನಂತರ, ಸೂರ್ಯನನ್ನು ಅಭ್ಯಾಸ ಮಾಡಿದರೆ ಮಳೆಯ ಗುಟ್ಟು ಸಿಕ್ಕೀತೆಂಬ ಆಸೆ. ಸೂರ್ಯನ ಬಗ್ಗೆ ಬೇಕಾದಷ್ಟು ತಿಳಿಯಿತು. ಮಳೆಯ ಸುಳಿವು ಹೆಚ್ಚಾಗಿ ಸಿಕ್ಕಿದ್ದು ಸಮುದ್ರದಲ್ಲಿ. ನಮ್ಮ ಮುಂಗಾರಿಗೆ ಗುಮ್ಮನಾದ, ದೂರದ ಸಮುದ್ರ ಬಿಸಿಯೇರುವ ಎಲ್ ನಿನೊ ತಮಿಳುನಾಡಿನ ಹಿಂಗಾರಿಗೆ ಸಾಮಾನ್ಯವಾಗಿ ನೆಂಟ. ಚೆನ್ನೈ ಮುಳುಗಿದ 2015 ಎಲ್ ನಿನೊ ವರ್ಷ. ಮರುವರ್ಷ ಅದು ಹಿಂದೆ ಸರಿದಾಗ ಹಿಂಗಾರು ಬಹುಪಾಲು ಕೈಕೊಟ್ಟಿತು. ಆದರೆ 2021ರಲ್ಲಿ, ತದ್ವಿರುದ್ಧವಾದ ಲಾ ನಿನಾ ಇದ್ದಾಗಲೂ, ಮಳೆ ಧಾರಾಳವಾಗಿ ಸುರಿಯಿತು. ಹಾಗಾಗಿ ಇಡೀ ಋತುವಿನ ಮುನ್ನೋಟವನ್ನು ತಕ್ಕಡಿ ಯಾವ ಕಡೆ ವಾಲಿದೆ ಎಂದು ನೋಡುವಷ್ಟಕ್ಕೆ ಇಟ್ಟುಕೊಳ್ಳುವುದು ಲೇಸು. ಒಂದೇ ಚಂಡಮಾರುತ ಲೆಕ್ಕ ತಪ್ಪಿಸಬಲ್ಲದು. 2018ರ ನವೆಂಬರ್ 16ರಂದು ವೇದಾರಣ್ಯಂ ಬಳಿ ದಡ ಮುಟ್ಟಿದ ‘ಗಜ’ ಒಳನಾಡಿನ ದಿಂಡಿಗಲ್ಲನ್ನೂ ಬಿಡದೆ, ಕೊಡೈಕೆನಾಲ್‌ನಲ್ಲಿ ಮರಗಳನ್ನುರುಳಿಸಿ ಕೇರಳದತ್ತ ಹೋಯಿತು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಚಳಿಗಾಲವೆಂದರೆ ಜನವರಿ, ಫೆಬ್ರುವರಿ. ಆಗ ಗಾಳಿ ಒಣಗಿ ಆಕಾಶ ತೊಳೆದಿಟ್ಟಂತಿರುತ್ತದೆ, ಮಳೆ ಅಪರೂಪ. ಮೋಡದ ಹೊದಿಕೆಯಿಲ್ಲದ ನೆಲ ರಾತ್ರಿ ತನ್ನ ಶಾಖವನ್ನೆಲ್ಲ ಬಾನಿಗೆ ಬಿಟ್ಟುಕೊಡುತ್ತದೆ. ಇಳಿಜಾರಿನಲ್ಲಿ ತಣಿದ ಗಾಳಿ ಭಾರವಾಗಿ, ನೀರಿನ ಹಾಗೆಯೇ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಗದ್ದೆ, ಕಾಲುವೆ, ವೈಗೈ ಜಲಾಶಯದ ತೇವ ಅದಕ್ಕೆ ಸೇರಿದರೆ ಬೆಳಗಿನ ಜಾವ ಮಂಜು. ಇದೂ ಮೋಡವೇ, ಬೆಟ್ಟ ಹತ್ತದೆ ಮಲಗಿದಲ್ಲೇ ಹುಟ್ಟಿದ ಮೋಡ. ಇಂಥ ಬೆಳಗು ಕೊಡೈಕೆನಾಲ್‌ನ ಪ್ರವಾಸಿಗರಿಗೆ ಫೋಟೋ. ನಿಲಕ್ಕೋಟೆಯ ಮಲ್ಲಿಗೆ ಬೆಳೆಗಾರರಿಗೆ ಮೊಗ್ಗು ಕಡಿಮೆಯಾಗುವ ಕಾಲ. ಕಂಬಂನ ಪನ್ನೀರು ದ್ರಾಕ್ಷಿಯ ತೋಟದಲ್ಲಿ ಚಪ್ಪರದಡಿ ಬಗ್ಗಿ ನಡೆಯುವಾತ ಎಲೆಯ ಅಡಿಭಾಗವನ್ನು ತಿರುವಿ ನೋಡುತ್ತಾನೆ. ಅಲ್ಲಿ ತೇವ ತುಂಬ ಹೊತ್ತು ನಿಂತರೆ ಬೂಜುರೋಗಕ್ಕೆ ಹಾಸಿಗೆ ಹಾಸಿದಂತೆ. ಬಿಸಿಲು ಮೇಘಮಲೈಯ ನೆತ್ತಿ ದಾಟಿ ಬರುವುದನ್ನೇ ಅವನು ಕಾಯುತ್ತಿರುತ್ತಾನೆ.