ಸ್ಟಾರ್ ಬಂದರೆ ಜನ ಬರ್ತಾರೆ. ಆಮೇಲೆ?

2025ರ ಡಿಸೆಂಬರ್ 13. ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನ ದೃಶ್ಯಗಳನ್ನು ನೀವೂ ನೋಡಿರ್ತೀರಿ. ಲಿಯೋನೆಲ್ ಮೆಸ್ಸಿ ಬಂದರು, ಸುಮಾರು 20 ನಿಮಿಷ ಮೈದಾನದಲ್ಲಿದ್ದರು. ಸುತ್ತ ಗಣ್ಯರು, ಸೆಲ್ಫಿ ಗಿರಾಕಿಗಳ ಕೋಟೆ. ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ತಗೊಂಡ ಎಷ್ಟೋ ಜನರಿಗೆ ಅವರ ಮುಖವೇ ಸರಿಯಾಗಿ ಕಾಣಲಿಲ್ಲ. ಮೆಸ್ಸಿ ಹೊರಟರು, ಬಾಟಲಿಗಳು ಹಾರಿದವು, ಕುರ್ಚಿಗಳು ಕಿತ್ತುಬಂದವು. ಅವತ್ತು ದಿನಪೂರ್ತಿ ನಮ್ಮ ಟಿವಿಗಳಲ್ಲಿ ಅದೇ.

ಈಗ ಅದೇ ಸ್ಟೇಡಿಯಂ, 1997ರ ಜುಲೈ 13. ಫೆಡರೇಷನ್ ಕಪ್ ಸೆಮಿಫೈನಲ್, ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್. ವಿಶ್ವಕಪ್ ಗೆದ್ದವರು ಎರಡೂ ಕಡೆ ಒಬ್ಬರೂ ಇಲ್ಲ. ಸೇರಿದ್ದ ಜನ 1 ಲಕ್ಷ 30 ಸಾವಿರಕ್ಕೂ ಹೆಚ್ಚು! ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದರು, ಈಸ್ಟ್ ಬೆಂಗಾಲ್ 4-1ರಲ್ಲಿ ಗೆದ್ದಿತು. ಈಸ್ಟ್ ಬೆಂಗಾಲ್ ಗೆದ್ದ ದಿನ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ದ ದಿನ ಸೀಗಡಿ ಅನ್ನೋದು ಆ ಊರಿನ ಮನೆಗಳ ಲೆಕ್ಕ. ಸೋತವರು ಬೈದುಕೊಂಡು ಹೋಗ್ತಾರೆ, ಮುಂದಿನ ಪಂದ್ಯಕ್ಕೆ ಮತ್ತೆ ಬರ್ತಾರೆ.

ಎರಡೂ ಜನಸಾಗರವೇ. ಆದರೆ ಮೊದಲನೆಯವರು ಪ್ರೇಕ್ಷಕರು, ಎರಡನೆಯವರು ಅಭಿಮಾನಿಗಳು. ಫುಟ್ಬಾಲ್ ಕ್ಲಬ್ಬಿಗೆ ಜನ ಬೇಕಾದರೆ ಸ್ಟಾರ್ ಆಟಗಾರ ಬೇಕೇ ಬೇಕಾ ಅಂತ ಕೇಳೋವಾಗ ಈ ಎರಡು ಜಾತಿಯ ಜನರನ್ನು ನಾವು ಕಲಸಿಬಿಡ್ತೀವಿ.

ಇದಕ್ಕೆ ನಮ್ಮ ದೇಶದಲ್ಲೇ ಒಂದು ಪ್ರಯೋಗ ನಡೆದಿದೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಶುರುವಾದಾಗ ಪ್ರತಿ ತಂಡವೂ ಒಬ್ಬ 'ಮಾರ್ಕೀ' ಆಟಗಾರನನ್ನು ತರಬೇಕಿತ್ತು. ದೆಹಲಿಗೆ ಇಟಲಿಯ ಡೆಲ್ ಪಿಯೆರೊ, ಪುಣೆಗೆ ಫ್ರಾನ್ಸ್‌ನ ಟ್ರೆಝೆಗೆ ಬಂದರು. ಡೆಲ್ ಪಿಯೆರೊ 2006ರಲ್ಲಿ, ಟ್ರೆಝೆಗೆ 1998ರಲ್ಲಿ ವಿಶ್ವಕಪ್ ಗೆದ್ದ ತಂಡದವರು. ಕೊಚ್ಚಿಯ ಕೇರಳ ಬ್ಲಾಸ್ಟರ್ಸ್‌ಗೆ ಸಿಕ್ಕಿದ್ದು ಇಂಗ್ಲೆಂಡ್‌ನ ಡೇವಿಡ್ ಜೇಮ್ಸ್. 44 ವರ್ಷದ ಗೋಲ್‌ಕೀಪರ್, ಕೋಚ್ ಕೂಡ ಅವರೇ. ಪೋಸ್ಟರ್ ಮೌಲ್ಯದಲ್ಲಿ ಮೊದಲಿಬ್ಬರ ಪಕ್ಕ ನಿಲ್ಲೋ ಹೆಸರಲ್ಲ.

ಫಲಿತಾಂಶ ನೋಡಿ. ದೆಹಲಿ ಡೈನಮೋಸ್ 2019ರಲ್ಲಿ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಪುಣೆ ಕ್ಲಬ್ ಅದೇ ವರ್ಷ ಮುಚ್ಚಿತು. ಅದರ ಜಾಗಕ್ಕೆ ಹೈದರಾಬಾದ್ ಬಂತು, 2025ರಲ್ಲಿ ಅದೂ ದೆಹಲಿಗೆ ಹೊರಟಿತು. ಕೊಚ್ಚಿಯಲ್ಲಿ ಮಾತ್ರ ಸ್ಟೇಡಿಯಂ ಹಳದಿ ಸಮುದ್ರವಾಯಿತು, 'ಮಂಜಪ್ಪಡ' ಅನ್ನೋ ಅಭಿಮಾನಿಗಳ ಪಡೆಯೇ ಹುಟ್ಟಿತು. ಸಚಿನ್ ಮಾಲೀಕರಾಗಿದ್ದರಲ್ಲ, ಅದಕ್ಕೇ ಅಂತೀರಾ? ಶುರುವಿನಲ್ಲಿ ಅದು ಖಂಡಿತ ಸಹಾಯ ಮಾಡಿದೆ. ಆದರೆ ಸಚಿನ್ 2018ರಲ್ಲಿ ತಮ್ಮ ಪಾಲು ಬಿಟ್ಟುಕೊಟ್ಟು ಹೊರಬಂದರು, ಮಂಜಪ್ಪಡ ಹೊರಬರಲಿಲ್ಲ. ಗೆಲ್ಲೋ ತಂಡ ಅಂತ ಬರ್ತಾರಾ ಅಂದರೆ ಅದೂ ಇಲ್ಲ. 2014, 2016, 2022, ಮೂರು ಫೈನಲ್ ಆಡಿ ಮೂರನ್ನೂ ಸೋತ ತಂಡ ಅದು. ಮಲಪ್ಪುರಂ, ಕೋಳಿಕ್ಕೋಡ್ ಕಡೆ ಊರೂರಲ್ಲೂ ಸೆವೆನ್ಸ್ ಟೂರ್ನಿ ನೋಡಿ ಬೆಳೆದ ಜನರಿಗೆ ನಮ್ಮದು ಅನ್ನೋಕೆ ಒಂದು ತಂಡ ಬೇಕಿತ್ತು, ಸಿಕ್ಕಿತು. ಅಷ್ಟೇ.

ಹಾಗಾದರೆ ಸ್ಟಾರ್ ದಂಡವಾ? ಅಲ್ಲ. ನಾನು ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು, ಹಳೇ ಚಾಳಿ ಬಿಡಲ್ಲ, ಒಂದು ಮೋಟಾರಿನ ಉದಾಹರಣೆ ಕೊಡ್ತೀನಿ. ಸಿಂಗಲ್ ಫೇಸ್ ಮೋಟಾರ್ ತಾನಾಗಿ ತಿರುಗೋಕೆ ಶುರು ಮಾಡಲ್ಲ. ಅದಕ್ಕೊಂದು ಸ್ಟಾರ್ಟಿಂಗ್ ಕೆಪಾಸಿಟರ್ ಬೇಕು, ಮೊದಲ ತಳ್ಳು ಅದರದ್ದು. ವೇಗ ಮುಕ್ಕಾಲು ಭಾಗ ಬಂದಾಗ ಒಳಗಿನ ಸ್ವಿಚ್ ಅದನ್ನು ಕಳಚಿಬಿಡುತ್ತೆ. ಕಳಚದೇ ಹೋದರೆ? ಕಾಯಿಲ್ ಕಾದು ಸುಟ್ಟುಹೋಗುತ್ತೆ. ಪಂಪ್‌ಸೆಟ್ ರಿಪೇರಿ ಮಾಡಿಸಿದವರಿಗೆ ಬಿಲ್ ಎಷ್ಟು ಅಂತ ನಾನು ಹೇಳಬೇಕಿಲ್ಲ.

ಚೀನಾದಲ್ಲಿ ಆಗಿದ್ದು ಇದೇ. ಅಲ್ಲಿನ ಜಿಯಾಂಗ್ಸು ಕ್ಲಬ್ 2016ರಲ್ಲಿ ಬ್ರೆಜಿಲ್‌ನ ರಾಮಿರೆಸ್, ಅಲೆಕ್ಸ್ ತೆಶೇರಾ ಅವರಂಥವರ ಮೇಲೆ ಹಣದ ಹೊಳೆ ಹರಿಸಿತು. 2020ರ ನವೆಂಬರ್‌ನಲ್ಲಿ ದೇಶದ ಚಾಂಪಿಯನ್ ಆಯಿತು. ನಾಲ್ಕು ತಿಂಗಳು ತುಂಬೋ ಮೊದಲೇ, 2021ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು! ಸ್ಟಾರ್‌ಗಳ ಸಂಬಳ ಟಿಕೆಟ್ ಕೌಂಟರ್‌ನಿಂದ ಬರ್ತಿರಲಿಲ್ಲ, ಮಾಲೀಕ ಕಂಪನಿಯ ಜೇಬಿನಿಂದ ಬರ್ತಿತ್ತು. ಕಂಪನಿ ಕಷ್ಟಕ್ಕೆ ಬಿತ್ತು, ಜೇಬು ಮುಚ್ಚಿತು.

ಟಿವಿಯೂ ಬೇರೆ ಅಲ್ಲ. ಸಿನಿಮಾ ನಟರು ಸ್ಟುಡಿಯೋಗೆ ಬಂದ ದಿನ ನೋಡುವವರ ಸಂಖ್ಯೆ ಏರುತ್ತೆ, ಮರುದಿನ ಅದೇ ಹೊತ್ತಿಗೆ ಕೂತು ನೋಡೋರು ಹಳಬರೇ.

ಕ್ಲಬ್ ವಿಷಯ ಪಕ್ಕಕ್ಕಿಟ್ಟು ರಾಷ್ಟ್ರೀಯ ತಂಡದ ಒಂದು ಘಟನೆ ಹೇಳ್ತೀನಿ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0 ಗೋಲುಗಳಿಂದ ಬಡಿಯಿತು. ನೋಡಲು ಬಂದವರು ಎರಡೂವರೆ ಸಾವಿರದಷ್ಟು ಜನ. ಹ್ಯಾಟ್ರಿಕ್ ಹೊಡೆದ ಸುನಿಲ್ ಛೆಟ್ರಿ ಮರುದಿನ ಒಂದು ವಿಡಿಯೋ ಹಾಕಿದರು. ಬನ್ನಿ, ಬೈಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಂಗೆ ಬನ್ನಿ ಅನ್ನೋದು ಅದರ ಸಾರಾಂಶ. ಕೀನ್ಯಾ ವಿರುದ್ಧದ ಮುಂದಿನ ಪಂದ್ಯದ ಟಿಕೆಟ್‌ಗಳು ಖಾಲಿ! ಸ್ಟಾರ್‌ಗೆ ಶಕ್ತಿ ಇದೆ, ಒಪ್ಪಲೇಬೇಕು. ಆದರೆ ಈ ಸ್ಟಾರ್ ವಿಮಾನದಲ್ಲಿ ಬಂದು 20 ನಿಮಿಷಕ್ಕೆ ಹೋದವರಲ್ಲ.

ಛೆಟ್ರಿ ಅಂದರೆ ಬೆಂಗಳೂರು ಎಫ್‌ಸಿ. 2013ರಲ್ಲಿ ಕ್ಲಬ್ ಹುಟ್ಟಿದಾಗ ಇಲ್ಲಿ ಫುಟ್ಬಾಲ್ ಯಾರು ನೋಡ್ತಾರೆ ಅಂತ ನಕ್ಕವರಿದ್ದರು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರೋ ಗೌತಮಪುರ ಇದೇ ಊರಲ್ಲಿದೆ ಅನ್ನೋದು ಅವರಿಗೆ ಗೊತ್ತಿರಲಿಲ್ಲವೋ ಏನೋ. ಜಗತ್ಪ್ರಸಿದ್ಧ ಹೆಸರು ಒಂದೂ ಇಲ್ಲದೆ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದರು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆದರು. ಕಂಠೀರವದ ಒಂದು ಮೂಲೆಯಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗ 90 ನಿಮಿಷ ನಿಂತೇ ಹಾಡೋಕೆ ಶುರು ಮಾಡಿತು. ಪಂದ್ಯ ಮುಗಿದ ಮೇಲೆ ಆಟಗಾರರು ಅವರ ಮುಂದೆ ಬಂದು ನಿಲ್ತಾರೆ. ನನ್ನ ಪ್ರಕಾರ ಕೋಟಿ ಕೊಟ್ಟು ಹಾಕಿಸೋ ಹೋರ್ಡಿಂಗ್‌ಗಿಂತ ಆ ಎರಡು ನಿಮಿಷ ಹೆಚ್ಚು ಕೆಲಸ ಮಾಡುತ್ತೆ. ಇದರ ಜೊತೆಗೆ ಪಂದ್ಯದ ಹೊತ್ತು ನೋಡಿ. ರಾತ್ರಿ ಏಳೂವರೆಗೆ ಶುರುವಾದ ಪಂದ್ಯ ಒಂಬತ್ತೂವರೆಗೆ ಮುಗಿಯುತ್ತೆ. ಬೆಳಗ್ಗೆ ಮಕ್ಕಳಿಗೆ ಸ್ಕೂಲು. ಈ ಸಮಸ್ಯೆಯನ್ನು ಯಾವ ಸ್ಟಾರೂ ಬಗೆಹರಿಸಲ್ಲ.

2025ರ ಆಗಸ್ಟ್‌ನಲ್ಲಿ ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಗೊತ್ತಿಲ್ಲದೆ ಇದೇ ಕ್ಲಬ್ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಆಟವೇ ನಿಂತಾಗ ಕ್ಲಬ್ಬಿನ ಜೊತೆ ಉಳಿಯೋದು ಅದನ್ನು ತಮ್ಮದು ಅಂದುಕೊಂಡವರು ಮಾತ್ರ. ಅಂಥವರು ನಮ್ಮಲ್ಲಿ ಎಷ್ಟಿದ್ದಾರೆ?

ಇದರ ನಿಜವಾದ ಲೆಕ್ಕ ಇನ್ನೂ ಬಾಕಿ ಇದೆ. ಐ-ಲೀಗ್ ದಿನಗಳಲ್ಲಿ ಲೋನ್ ಮೇಲೆ ಮುಂಬೈಗೆ ಹೋಗಿ ಬಂದಿದ್ದು ಬಿಟ್ಟರೆ ಛೆಟ್ರಿ 2013ರಿಂದ ಇಲ್ಲೇ ಇದ್ದಾರೆ. 40ನೇ ವಯಸ್ಸಿನಲ್ಲಿ, 2024-25ರ ಸೀಸನ್ನಿನಲ್ಲಿ 14 ಗೋಲು ಹೊಡೆದವರು. ಅವರನ್ನು ನೋಡೋಕೆ ಬಂದವರೆಷ್ಟು, ಬೆಂಗಳೂರನ್ನು ನೋಡೋಕೆ ಬಂದವರೆಷ್ಟು ಅಂತ ಈಗ ಯಾರೂ ಬೇರ್ಪಡಿಸಿ ಹೇಳೋಕೆ ಆಗಲ್ಲ. ಅವರು ಬೂಟು ಬಿಚ್ಚಿಟ್ಟ ಮುಂದಿನ ವಾರ ಕಂಠೀರವದಲ್ಲಿ ಒಂದು ಮಾಮೂಲಿ ಲೀಗ್ ಪಂದ್ಯ ಇರುತ್ತೆ. ಅವತ್ತು ನಮ್ಮ ಕ್ಯಾಮೆರಾ ಮೈದಾನದ ಕಡೆ ಅಲ್ಲ, ಗ್ಯಾಲರಿ ಕಡೆ ತಿರುಗಿರಬೇಕು.